ದುಪ್ಪಟಿಗೆ ಕಾಮಾಲೆ

ಫೋಟೋ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ತಮ್ಮ ಮುಖ ಹುಡುಕುತ್ತಾರೆ. ಬೆನ್ನ ಹಿಂದಿನ ಗೋಡೆಯನ್ನು ನೋಡುವವನು ಸ್ಟುಡಿಯೋದವನೊಬ್ಬನೇ. ಗೋಡೆಯ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ಮಬ್ಬು ಬಂದರೆ ಅವನಿಗೆ ಊಟ ರುಚಿಸುವುದಿಲ್ಲ. ಮದುವೆ ಗಂಡಿಗೆ ಅದರ ಗೊಡವೆಯೇ ಇಲ್ಲ.

ಎಮ್ಮಿಗನೂರಿನಲ್ಲಿ ಮಾತ್ರ ಈ ಗೊಡವೆ ಈಚೆಗೆ ಮಗ್ಗದ ಮನೆಗಳಿಗೂ ಹತ್ತಿದೆ. 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದ ಊರು ಅದು. ಪದ್ಮ ಪ್ರಶಸ್ತಿಗಳು ಶುರುವಾದ 1954ರಲ್ಲೇ ಅವರಿಗೆ ಪದ್ಮಶ್ರೀ ಬಂತು. ಆಗ ದುಪ್ಪಟಿ ಕೊಳ್ಳುವವರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಈಗಿನವರು ಉಜ್ಜುವುದು ಫೋನಿನ ಗಾಜನ್ನು. ಹಾಗಾಗಿ ನಮ್ಮ ಮಾವನ ಮಗ ದುಪ್ಪಟಿಯನ್ನು ಗೋಡೆಗೆ ನೇತುಹಾಕಿ, ಫೋಟೋ ಹೊಡೆದು ವಾಟ್ಸಾಪಿಗೆ ಹಾಕುತ್ತಾನೆ. ಎಡಕ್ಕೆ ಕಿಟಕಿ, ಬಲಕ್ಕೆ ಹಳೇ ಬಲ್ಬು. ಬೆಂಗಳೂರಿನ ಗಿರಾಕಿಯೊಬ್ಬರು, "ಇದೇ ಡಿಸೈನಿನಲ್ಲಿ ಒಂದೇ ಬಣ್ಣದ್ದು ಇಲ್ವಾ?" ಎಂದು ಕೇಳಿದರಂತೆ. ಅತ್ತೆ ಫೋನು ಇಸಿದುಕೊಂಡು ನೋಡಿ ತೀರ್ಪು ಕೊಟ್ಟರು: "ದುಪ್ಪಟಿ ಬೆಳ್ಳಗೈತಪ್ಪ, ನಿನ್ನ ಫೋಟೋಕ್ಕೆ ಕಾಮಾಲೆ ಆಗೈತಿ."

ತಪ್ಪು ಹುಡುಗನದಲ್ಲ, ಬೆಳಕಿನ ಸ್ವಭಾವದ್ದು. ಬಲ್ಬಿನಿಂದ ಮೂರಡಿ ದೂರದಲ್ಲಿ ಬೀಳುವ ಬೆಳಕು ಆರಡಿಗೆ ಹೋದರೆ ಅರ್ಧವಲ್ಲ, ಕಾಲು ಭಾಗಕ್ಕಿಳಿಯುತ್ತದೆ. ನಮ್ಮ ಕಣ್ಣು ಅದನ್ನು ಸರಿದೂಗಿಸಿಕೊಂಡು ಸುಮ್ಮನಿರುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಈ ಇಳಿಜಾರನ್ನು ನಮ್ಮ ಸೀಮೆಯವರು ಬೇರೆ ಕಡೆಯೂ ಕಂಡಿದ್ದೇವೆ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆದೋನಿ ತಾಲೂಕು ಆಂಧ್ರಕ್ಕೆ ಸೇರಿತು, ಎಮ್ಮಿಗನೂರೂ ಅದರ ಜೊತೆಗೆ ಹೋಯಿತು. ನಕ್ಷೆಯಲ್ಲಿ ಒಂದೇ ಗೆರೆ. ಊರುಗಳಲ್ಲಿ ಮಾತ್ರ ಕನ್ನಡ, ಗೋಡೆಯ ಮೇಲಿನ ಬೆಳಕಿನ ಹಾಗೆ, ಎಲ್ಲಿ ತೆಳುವಾಗಿ ಎಲ್ಲಿ ತೆಲುಗಾಯಿತೆಂದು ಬೊಟ್ಟುಮಾಡಿ ತೋರಿಸಲು ಬರುವುದಿಲ್ಲ.

ಹಳೇ ಸ್ಟುಡಿಯೋದವರು ಜಾಣರು. ಹಿಂದೆ ಬಣ್ಣದ ಪರದೆ ಇಳಿಬಿಡುತ್ತಿದ್ದರು: ಮೋಡ, ಅರಮನೆಯ ಮೆಟ್ಟಿಲು, ಹಂಸವಿರುವ ಕೊಳ. ಮೋಡವಿದ್ದ ಕಡೆ ಕತ್ತಲಾದರೆ ಯಾರು ತಕರಾರು ಮಾಡಿಯಾರು? ಆ ಸುಖವನ್ನು ಕೆಡಿಸಿದ್ದು ಪಾಸ್‌ಪೋರ್ಟು. 35×45 ಮಿ.ಮೀ. ಚೌಕಟ್ಟು, ಹಿಂದೆ ಒಂದೇ ಸಮನಾದ ತಿಳಿಬಣ್ಣ, ನೆರಳು ಕೂಡದು. ಹಂಸಕ್ಕೆ ಅಲ್ಲಿ ವೀಸಾ ಸಿಗಲಿಲ್ಲ.

ಪರದೆ ಕೈಬಿಟ್ಟ ಮೇಲೆ ಮಬ್ಬನ್ನು ತಿದ್ದಲು ಕಂಪ್ಯೂಟರೇ ಗತಿ. ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಬರೆದ, ಫೋಟೋ ತಿದ್ದುವ ತಂತ್ರಾಂಶ ಫೋಟೋಶಾಪ್ 1990ರಲ್ಲಿ ಮಾರಾಟಕ್ಕೆ ಬಂತು. ಒಂದರ ಮೇಲೊಂದು ಲೇಯರ್ ಹಾಸುವ ಸೌಕರ್ಯ 1994ರಲ್ಲಿ ಸೇರಿತು. ಹೊಸಬರು ಮಾಡುವ ಮೊದಲ ಕೆಲಸವೆಂದರೆ ಇಡೀ ಚಿತ್ರದ ಬೆಳಕು ಏರಿಸುವುದು. ಕತ್ತಲ ಕಡೆ ಅಷ್ಟಕ್ಕಷ್ಟೇ. ಬೆಳಕಿದ್ದ ಕಡೆ ನೇಯ್ಗೆಯೇ ಮಾಯ. ಬಲ್ಲವರು ಮೇಲೊಂದು ಬೆಳಕು ತಿದ್ದುವ ಕರ್ವ್ಸ್ ಲೇಯರ್ ಹಾಕಿ, ಎಲ್ಲಿ ಎಷ್ಟು ತಿದ್ದಬೇಕೆಂದು ಹೇಳುವ ಅದರ ಮಾಸ್ಕಿನಲ್ಲಿ ಕಪ್ಪಿನಿಂದ ಬಿಳಿಗೆ ಗ್ರೇಡಿಯಂಟ್ ಎಳೆಯುತ್ತಾರೆ. ಆಗ ತಿದ್ದುಪಡಿ ಬೆಳಕಿನ ಕಡೆ ಸೊನ್ನೆಯಿಂದ ಹೊರಟು ಕತ್ತಲ ಕಡೆ ಪೂರ್ತಿಯಾಗುತ್ತದೆ. ಕಾಸು ಕೊಡಲಾಗದವರಿಗೆ ಜಿಂಪ್ ಎಂಬ ಪುಕ್ಕಟೆ ತಂತ್ರಾಂಶ ಇದೆ. ಅದರಲ್ಲೂ ಇದೆಲ್ಲ ಆಗುತ್ತದೆ.

ಇನ್ನೂ ಸೊಗಸಾದ ಉಪಾಯ ಖಗೋಳಜ್ಞರದು. ಕಾವಲೂರಿನ 2.34 ಮೀಟರಿನ ವೇಣು ಬಾಪು ದೂರದರ್ಶಕದಂಥ ದೊಡ್ಡ ಕಣ್ಣುಗಳಿಗೂ ಚಿತ್ರದ ಮೂಲೆ ಮಬ್ಬಾಗುವ ಕಾಟ ತಪ್ಪಿದ್ದಲ್ಲ. ಅವರು ಸಮನಾಗಿ ಬೆಳಗಿದ ಬರಿಯ ಆಕಾಶವನ್ನೋ ಪರದೆಯನ್ನೋ ಬೇರೆಯಾಗಿ ಚಿತ್ರಿಸಿ, ಅದರಿಂದ ನಕ್ಷತ್ರದ ಚಿತ್ರವನ್ನು ಭಾಗಿಸುತ್ತಾರೆ. ಏರುಪೇರು ಹೊಡೆದುಹೋಗಿ ನಕ್ಷತ್ರ ಉಳಿಯುತ್ತದೆ. ನಮ್ಮ ಹುಡುಗ ಬಿಳಿ ಗೋಡೆಯನ್ನು ಅದೇ ಬೆಳಕಿನಲ್ಲಿ ಖಾಲಿಯಾಗಿ ಹೊಡೆದು, ಮಸುಕು ಮಾಡಿ, ಡಿವೈಡ್ ಒತ್ತಿದ. ಕಾಮಾಲೆ ಇಳಿಯಿತು. ಒಂದೇ ತೊಡಕು: ಮಾಮೂಲಿ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ವಿಪರೀತ ಎಳೆದಾಡಿದರೆ ಗೋಡೆಯ ಮೇಲೆ ಪಟ್ಟೆಗಳೇಳುತ್ತವೆ. ಅದನ್ನು ಮರೆಸಲು ಚೂರು ನಾಯ್ಸ್, ಅಂದರೆ ಅಡ್ಡಾದಿಡ್ಡಿ ಸಣ್ಣ ಚುಕ್ಕೆ, ಉದುರಿಸಬೇಕು. ಅಚ್ಚುಕಟ್ಟಿಗೂ ಸ್ವಲ್ಪ ಕಸ ಬೇಕೆಂಬುದು ಹೀಗೆ ಗೊತ್ತಾಯಿತು.

ಹೊಸ ವಿದ್ಯೆ ಬಂದವರ ಕೈ ಸುಮ್ಮನಿರುವುದಿಲ್ಲ. ದುಪ್ಪಟಿ ಮುಗಿಸಿದವನು ತಾತನ ಹಳೇ ಫೋಟೋಕ್ಕೆ ಕೈ ಹಾಕಿದ. ಮಗ್ಗದ ಮುಂದೆ ಕೂತ ತಾತ, ಹಿಂದೆ ಅರ್ಧ ಕತ್ತಲ ಗೋಡೆ. ಗೋಡೆ ಬೆಳ್ಳಗಾಗುತ್ತ ಬಂದಂತೆ ಅತ್ತೆ ತಡೆದರು: "ಲೇ, ಆ ಕತ್ತಲಾಗ ಮಗ್ಗದ ಗುಂಡಿ ಐತಿ. ಅದನ್ನ ಬಿಳಿ ಬಳಿದು ನಿಮ್ಮ ತಾತನ್ನ ಎಲ್ಲಿ ಕೂಡ್ಸ್ತೀ?" ಹುಡುಗ ಮರುಮಾತಾಡದೆ ಅನ್‌ಡು ಒತ್ತಿದ.

ನನಗೂ ಅವರ ಲೆಕ್ಕವೇ ಸರಿ ಕಾಣುತ್ತದೆ. ಮಾರುವ ಬಟ್ಟೆಯ ಬೆಳಕನ್ನು ತಿದ್ದಲೇಬೇಕು, ಏಕೆಂದರೆ ಬಣ್ಣವೆಂದರೆ ಗಿರಾಕಿಗೆ ಕೊಟ್ಟ ಮಾತು. ಮನೆಯವರ ಫೋಟೋದಲ್ಲಿ ಕಿಟಕಿ ಯಾವ ಕಡೆ ಇತ್ತೆಂಬುದೂ ಮನೆಯ ಚರಿತ್ರೆಯೇ, ಅದನ್ನು ಮುಟ್ಟಬಾರದು. ಇನ್ನು ಯಾವ ಫೋಟೋ ಆದರೂ, ತಂತ್ರಾಂಶ ತೆರೆಯುವ ಮೊದಲು ಬಲ್ಬು ಆರಿಸಿ, ದುಪ್ಪಟಿಯನ್ನು ಕಿಟಕಿಗೆ ಎದುರಾಗಿ ಕಟ್ಟಿ, ಕತ್ತಲ ಮಗ್ಗುಲಿಗೆ ಒಂದು ಬಿಳಿ ಬಟ್ಟೆ ಹಿಡಿದು ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಎಮ್ಮಿಗನೂರಿನಲ್ಲಂತೂ ಬಿಳಿ ಬಟ್ಟೆಗೆ ಬರವಿಲ್ಲ.