ಗಾಳಿಗೆದುರು ಮಾಸ್ತರರು

ಪ್ರತಿಯೊಂದು ಊರಿನಲ್ಲಿಯೂ ಒಮ್ಮೆ ಎಲ್ಲಿಗೋ ಹೋಗಿ ಬಂದು, ಆ ಒಂದು ಪ್ರಯಾಣದ ಬಡ್ಡಿಯಿಂದಲೇ ಉಳಿದ ಆಯುಷ್ಯವನ್ನು ಸುಖವಾಗಿ ಸಾಗಿಸುವ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ನನ್ನ ಬಾಲ್ಯದಲ್ಲಿ ಈ ಪೀಠವನ್ನು ಕಾಶಿಗೆ ಹೋಗಿ ಬಂದ ಹಿರಿಯರೊಬ್ಬರು ಅಲಂಕರಿಸಿದ್ದರು. ಅವರ ತರುವಾಯ ಪಲ್ಟಣಿನಿಂದ ನಿವೃತ್ತರಾಗಿ ಬಂದ ಹವಾಲ್ದಾರರಿಗೆ ಅದು ಸಂದಿತು. ಅನಂತರ ದುಬೈ ಕಂಡು ಬಂದವರೂ, ಅಮೇರಿಕದಲ್ಲಿ ಮಗಳ ಬಾಣಂತನ ಮುಗಿಸಿ ಬಂದವರೂ ಅದರ ಮೇಲೆ ಸ್ವಲ್ಪ ಸ್ವಲ್ಪ ಕಾಲ ಕುಳಿತೆದ್ದರು. ಈಗ ಮೂರು ವರ್ಷಗಳಿಂದ ಕಾಗಿಣಾ ನದಿಯ ದಂಡೆಯ ನಮ್ಮ ದಂಡೋತಿಯಲ್ಲಿ ಆ ಪೀಠವು, ಕಾರವಾರದಿಂದ ಗೋವೆಗೆ ಹಾಯಿದೋಣಿಯಲ್ಲಿ, ಅದೂ ಗಾಳಿಗೆದುರಾಗಿ, ಸಪತ್ನೀಕರಾಗಿ ಪ್ರಯಾಣಮಾಡಿ ಬಂದ ನಿವೃತ್ತ ಭೂಗೋಳ ಮಾಸ್ತರರದಾಗಿದೆ. ಅದು ಸದ್ಯಕ್ಕೆ ತೆರವಾಗುವ ಲಕ್ಷಣವೇನೂ ಗೋಚರಿಸುತ್ತಿಲ್ಲ.

ಈ ಪದವಿಯ ಗೌರವವನ್ನು ಅಳೆಯಬೇಕಾದರೆ ದಂಡೋತಿಯಿಂದ ಕಡಲು ಎಷ್ಟು ದೂರವೆಂಬುದನ್ನು ಮೊದಲು ತಿಳಿಯತಕ್ಕದ್ದು. ಪಡುವಣ ಸಮುದ್ರ ಸುಮಾರು 400 ಕಿಲೋಮೀಟರ್, ಮೂಡಣ ಸಮುದ್ರವೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಸಮುದ್ರವನ್ನು ನೋಡದೆ ಬಾಳುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಸ್ಥಳವನ್ನು ಹುಡುಕುವುದು ಕಷ್ಟ. ನಮ್ಮ ಕಾಗಿಣೆಗೇ ಈ ವಿಷಯದಲ್ಲಿ ನಿರ್ಧಾರ ಸಾಲದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ತೊಳೆದುಕೊಂಡು, ಅರಬ್ಬೀ ಸಮುದ್ರವನ್ನೇ ಸೇರಿಬಿಡುವ ಹುರುಪಿನಿಂದ ಪಶ್ಚಿಮಾಭಿಮುಖವಾಗಿ ನಮ್ಮೂರಿಗೆ ಬರುತ್ತಾಳೆ. ಶಹಾಬಾದದ ಹತ್ತಿರ ಹೊನಗುಂಟದಲ್ಲಿ ಭೀಮೆಯ ಕೈಗೆ ಸಿಕ್ಕಿ, ದಿಕ್ಕು ಬದಲಿಸಿ, ಕೃಷ್ಣೆಯ ಮೂಲಕ ಬಂಗಾಳ ಉಪಸಾಗರಕ್ಕೆ ಹೋಗಿ ಬೀಳುತ್ತಾಳೆ. “ನಮ್ಮ ಹೊಳಿನೇ ಮಗ್ಗುಲ ಬದಲಿ ಮಾಡಕೋತ ಹೋಗ್ತದ ನೋಡ್ರಿ” ಎಂದು ಮಾಸ್ತರರು ತಮ್ಮ ನಾವಿಕಶಾಸ್ತ್ರಕ್ಕೆ ನದಿಯನ್ನೂ ಸಾಕ್ಷಿಯಾಗಿ ಕರೆಯುತ್ತಾರೆ. ಅಷ್ಟಕ್ಕೇ ಬಿಡುವವರಲ್ಲ. ನಾವು ಕುಳಿತ ಕಟ್ಟೆಯ ಫರ್ಸಿಯನ್ನು ಬೆರಳಿನಿಂದ ತಟ್ಟಿ, ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ಅರೆಯುತ್ತಿರುವ ಈ ಸುಣ್ಣಗಲ್ಲೆಲ್ಲ ಕೋಟಿ ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳವೆಂದೂ, ಆದುದರಿಂದ ತಾವು ಕಡಲಿಗೆ ಹೋದದ್ದಲ್ಲ, ಮರಳಿ ಹೋದದ್ದೆಂದೂ ಸಾರುತ್ತಾರೆ. ಕಲ್ಲಿನ ಮಾತು ನಿಜ. ಒಂಬತ್ತನೆಯ ಶತಮಾನದ ಅರಬ್ಬೀ ವರ್ತಕರ ಬರಹಗಳಲ್ಲಿ ‘ಬಲ್ಹರಾ’ ಎಂದು ಕೊಂಡಾಡಲ್ಪಟ್ಟ ಅರಸರು ನಮ್ಮ ಮಳಖೇಡದವರೆಂಬುದೂ ನಿಜ. ಆದರೆ ಆ ಖ್ಯಾತಿಯನ್ನು ಹಡಗುಗಳ ಮೇಲೆ ಹೊತ್ತು ತಿರುಗಿದವರು ಅರಬ್ಬರೇ ಹೊರತು ದಂಡೋತಿಯವರಲ್ಲವೆಂಬ ಸೂಕ್ಷ್ಮವನ್ನು ಮಾಸ್ತರರು ಗಣನೆಗೆ ತಾರರು.

ಮೂವತ್ತೆರಡು ವರ್ಷ ಅವರು ಸಮುದ್ರವನ್ನು ಕಾಣದೆಯೇ ವಾಣಿಜ್ಯ ಮಾರುತಗಳನ್ನೂ, ನೈಋತ್ಯ ಮಾನ್ಸೂನನ್ನೂ, ನೆಲಗಾಳಿ ಕಡಲಗಾಳಿಗಳ ವ್ಯತ್ಯಾಸವನ್ನೂ ಬೋಧಿಸಿದರು. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ಬರುತ್ತದೆ. ಇರುಳು ನೆಲ ಬೇಗ ತಣಿಯುತ್ತದೆ, ಗಾಳಿ ಕಡಲಿಗೆ ಹೋಗುತ್ತದೆ: ಇದನ್ನು ಹೇಳದೆ ಬೆತ್ತದ ರುಚಿ ಕಂಡ ಹುಡುಗರು ಈಗ ಚಿತ್ತಾಪುರ ತಾಲೂಕಿನ ತುಂಬ ಅಜ್ಜಂದಿರಾಗಿದ್ದಾರೆ. ಹಾಗೆ ರುಚಿ ಕಂಡವರಲ್ಲೊಬ್ಬನು ನೌಕಾದಳ ಸೇರಿ, ನಿವೃತ್ತನಾಗಿ, ಕಾರವಾರದಲ್ಲಿ 30 ಅಡಿಯ ಹಾಯಿದೋಣಿಯೊಂದನ್ನು ಇಟ್ಟುಕೊಂಡು, ಒಂದು ಡಿಸೆಂಬರಿನಲ್ಲಿ ಗುರುದಂಪತಿಗಳನ್ನು ಆಹ್ವಾನಿಸಿದನು. ಇದು ಗುರುಭಕ್ತಿಯೋ, ಬೆತ್ತದ ಬಾಕಿಯೋ, ನಿರ್ಣಯಿಸುವುದು ಕಷ್ಟ.

ಕಾರವಾರದಿಂದ ಮುರ್ಮುಗೋವೆಗೆ ಸುಮಾರು 40 ನಾವಿಕ ಮೈಲಿ. ದಿಕ್ಕು ಹೆಚ್ಚು ಕಡಿಮೆ ವಾಯವ್ಯ. ಚಳಿಗಾಲದ ಅಪರಾಹ್ನದಲ್ಲಿ ಕಡಲಗಾಳಿ ಬೀಸುವುದೂ ಅದೇ ವಾಯವ್ಯದಿಂದಲೇ. ಹಾಯಿದೋಣಿಯು ಗಾಳಿಯ ಮುಖಕ್ಕೆ ನೇರವಾಗಿ ಹೋಗಲಾರದು. ಗಾಳಿಗೆ ಸುಮಾರು 45 ಅಂಶಗಳಷ್ಟು ಓರೆಯಾಗಿ ಎಡಕ್ಕೊಮ್ಮೆ, ಹಾಯಿಯ ಮಗ್ಗುಲನ್ನು ಬದಲಿಸಿ ಬಲಕ್ಕೊಮ್ಮೆ, ಹೀಗೆ ಅಂಕುಡೊಂಕಾಗಿ ಏರಬೇಕು. ದೋಣಿ ಪಕ್ಕಕ್ಕೆ ಜಾರದಂತೆ ಅದರ ಅಡಿಯಲ್ಲಿ ನೀರೊಳಗೆ ಇಳಿದ ರೆಕ್ಕೆಯೊಂದು ತಡೆಯುತ್ತದೆ. ಈ ಮೂರು ವಾಕ್ಯಗಳಲ್ಲಿ ಮುಗಿಯಬಹುದಾದ ವಿಷಯಕ್ಕೆ ಮಾಸ್ತರರು ಸಾಮಾನ್ಯವಾಗಿ ಎರಡು ತಾಸು ತೆಗೆದುಕೊಳ್ಳುತ್ತಾರೆ. ಜೇಬಿನಿಂದ ಸುಣ್ಣದ ಕಡ್ಡಿ ಹೊರಬರುತ್ತದೆ. ಕಟ್ಟೆಯ ಫರ್ಸಿಯ ಮೇಲೆ ಬಾಣ, ತ್ರಿಕೋನ, ಕರ್ಣಗಳು ಮೂಡುತ್ತವೆ. ಗಾಳಿಗೆದುರಾಗಿ 10 ಮೈಲಿ ಮುಂದರಿಯಬೇಕಾದವನು ನೀರಿನ ಮೇಲೆ 14 ಮೈಲಿಗೂ ಮಿಗಿಲಾಗಿ ತೇಲಬೇಕೆಂಬುದು ವರ್ಗಮೂಲ ಸಹಿತ ಸಿದ್ಧವಾಗುತ್ತದೆ. ಪಕ್ಕದ ಅಂಗಡಿಗೆ ಕ್ಷೌರಕ್ಕೆ ಬಂದು ಅರ್ಧ ಗಲ್ಲದಲ್ಲಿ ಸಾಬೂನಿನೊಡನೆ ಕುಳಿತವರು ಸಹ, ಕ್ಷೌರಿಕನು ಕತ್ತಿಯನ್ನು ಕೈಯಲ್ಲಿ ಹಿಡಿದೇ ಕೇಳುತ್ತ ನಿಂತುಬಿಡುವುದರಿಂದ, ಈ ಪ್ರಮೇಯವನ್ನು ಪೂರ್ತಿಯಾಗಿ ಆಲಿಸಿದ್ದಾರೆ. ಒಮ್ಮೆ ಅವನೇ ಕೇಳಿದನಂತೆ: “ಮಾಸ್ತರ್, ಕಾರವಾರದಿಂದ ಮಡಗಾಂವಿಗಿ ಬಸ್ ಇಲ್ಲೇನ್ರಿ?” ಬಸ್ಸು ಇದೆ, ಎರಡು ತಾಸಿನ ದಾರಿ. ಮಾಸ್ತರರಿಗೆ ಮೂರು ದಿನ ಹಿಡಿಯಿತು. ಅಂದಿನಿಂದ ಅವರು ಬೇರೆ ಅಂಗಡಿಗೆ ಹೋಗುತ್ತಾರೆ.

ಕಥನವೂ ದೋಣಿಯ ಹಾಗೆಯೇ ನಡೆಯುತ್ತದೆಂಬುದು ಶ್ರೋತೃಗಳ ದೂರು. ಕಾರವಾರದ ಬಂದರನ್ನು ಬಿಟ್ಟು ದೇವಗಡದ ದೀಪಸ್ತಂಭದವರೆಗೆ ಬಂದ ಮಾಸ್ತರರು, ಅಂಜದೀವ ದ್ವೀಪ ಕಂಡೊಡನೆ 1498ರಲ್ಲಿ ಅಲ್ಲಿ ತಂಗಿದ್ದ ವಾಸ್ಕೋ ಡ ಗಾಮನ ಕಡೆಗೆ ಹೊರಳುತ್ತಾರೆ. ಅವನನ್ನು ಪೋರ್ಚುಗಲಿಗೆ ಮುಟ್ಟಿಸಿ ಮರಳಿ ಬರುವಷ್ಟರಲ್ಲಿ ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮಚವೆಗಳನ್ನು ನೀರಿಗಿಳಿಸುತ್ತಿದ್ದ ಕರಾವಳಿಯ ತಾಂಡೇಲರು ಅಡ್ಡ ಬರುತ್ತಾರೆ. ಆ ತಾಂಡೇಲರು ಉತ್ತರಕ್ಕೆ ಹೋಗಬೇಕಾದಾಗ ಬೆಳಗಿನ ಜಾವದ ನೆಲಗಾಳಿಯನ್ನು ಹಿಡಿದು ದಂಡೆಯ ಮಗ್ಗುಲಿಗೇ ಸಾಗಿ, ಕಡಲಗಾಳಿ ಎದುರಾದಾಗ ಸುಮ್ಮನೆ ಲಂಗರು ಹಾಕಿ ಉಂಡು ಮಲಗುತ್ತಿದ್ದರೆಂದು ಅವರು ಬಹು ಅಭಿಮಾನದಿಂದ ವರ್ಣಿಸುತ್ತಾರೆ. ತಾವು ಹಾಗೇಕೆ ಮಾಡಲಿಲ್ಲವೆಂಬ ಪ್ರಶ್ನೆಗೆ ಮಾತ್ರ, ಸಭ್ಯರು ಗಾಳಿಗೆದುರಾಗಿ ಹೊರಡುವುದಿಲ್ಲವೆಂಬ ಗಾದೆ ಇಂಗ್ಲಿಷ್ ನಾವಿಕರಲ್ಲಿದೆಯೆಂದೂ, ವೀರರಿಗೆ ಅದು ಅನ್ವಯಿಸದೆಂದೂ ಉತ್ತರ ಬರುತ್ತದೆ. ಕೊನೆಗೆ ಗೋವೆಯ ಕಾಬೊ ದ ರಾಮದ ಕೋಟೆ. ಎರಡನೆಯ ದಿನದ ಮಧ್ಯಾಹ್ನವೆಲ್ಲ ಅದು ದೋಣಿಯ ಬಲಕ್ಕೆ ಬಂದು, ಎದುರಿಗೆ ಬಂದು, ಮತ್ತೆ ಬಲಕ್ಕೆ ಹೋಗಿ, ಸಂಜೆಯ ನಾಲ್ಕಾದರೂ ಇದ್ದಲ್ಲೇ ಇದ್ದಿತೆಂದೂ, ಅಲ್ಲಿಯೇ ಲಂಗರಿನ ಸರಪಳಿಯೊಡನೆ ಸೆಣಸುವಾಗ ತಮ್ಮ ಬಲಗಾಲಿನ ಹೆಬ್ಬೆರಳು ಜಜ್ಜಿತೆಂದೂ ಹೇಳಿ, ಚಪ್ಪಲಿ ಕಳಚಿ, ಆ ಬೆರಳನ್ನು ಸಭೆಗೆ ತೋರಿಸುತ್ತಾರೆ. ಉಗುರು ಇನ್ನೂ ಸರಿಯಾಗಿ ಬಂದಿಲ್ಲ.

ಈ ವಿದ್ಯೆಯನ್ನು ಅವರು ಕಟ್ಟೆಗಷ್ಟೇ ಸೀಮಿತಗೊಳಿಸಿಲ್ಲ. ಆಷಾಢದ ಗಾಳಿ ಎದ್ದಾಗ ಬಸ್ ನಿಲ್ದಾಣಕ್ಕೆ ಹೊರಟ ಮಾಸ್ತರರು ರಸ್ತೆಯ ಎಡಗಡೆಯಿಂದ ಬಲಗಡೆಗೆ, ಬಲಗಡೆಯಿಂದ ಎಡಗಡೆಗೆ ಓರೆಯಾಗಿ ನಡೆಯುವುದನ್ನು ಕಂಡು ಪರವೂರಿನವರು ಅನ್ಯಥಾ ಭಾವಿಸಿದ್ದುಂಟು. ಮಳೆಗಾಲದಲ್ಲಿ ಕಾಗಿಣೆ ಉಕ್ಕಿ ನಮ್ಮ ಸೇತುವೆ ಮುಳುಗಿ ಮಾರ್ಗ ಬಂದಾದಾಗ, ಸುತ್ತುದಾರಿ ಹಿಡಿಯಬೇಕಾದ ಸಿಟ್ಟಿನಲ್ಲಿ ಜನರೆಲ್ಲ ಸರ್ಕಾರವನ್ನು ಬಯ್ಯುತ್ತಿದ್ದರೆ, ಮಾಸ್ತರರೊಬ್ಬರೇ ಪ್ರಸನ್ನಚಿತ್ತರಾಗಿ, ಸುತ್ತಿ ಹೋಗುವುದೇ ನಾವಿಕನ ಧರ್ಮವೆಂದು ನೀರಿನ ಅಂಚಿನಲ್ಲಿ ನಿಂತು ಉಪದೇಶಿಸುತ್ತಾರೆ. ನೆರೆಯಲ್ಲಿ ನಿಂತ ಜನರಿಗೆ ಅಷ್ಟು ತಾಳ್ಮೆ ಇರುವುದಿಲ್ಲವೆಂಬುದನ್ನು ಅವರ ಶಿಷ್ಯವರ್ಗದವರು ಆಗಾಗ ಕೈಹಿಡಿದು ಕರೆದುಕೊಂಡು ಹೋಗಿ ತಿಳಿಯಪಡಿಸಬೇಕಾಗುತ್ತದೆ.

ಆದರೆ ಪ್ರಯಾಣ ಸಪತ್ನೀಕವಾಗಿದ್ದಿತಷ್ಟೆ. ಮಾಸ್ತರರ ವೃತ್ತಾಂತದಲ್ಲಿ ಅವರ ಪತ್ನಿ ಬಾಯಾರು ಒಂದೇ ಕಡೆ ಬರುತ್ತಾರೆ: ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾಹಿಂಡಿಗಳು ಮೂರು ದಿನವೂ ಕೆಡಲಿಲ್ಲವೆಂಬಲ್ಲಿ. ಹೋದ ಸಂಕ್ರಾಂತಿಯಂದು ಎಳ್ಳುಬೆಲ್ಲ ಕೊಡಲು ಹೋದ ನಾನು, ಮಾಸ್ತರರು ಮನೆಯಲ್ಲಿಲ್ಲದ ಸುಸಮಯ ನೋಡಿ, ಆ ತಾಯಿಯನ್ನು ಸಮುದ್ರದ ಸುದ್ದಿ ಕೇಳಿದೆನು. ಅವರು ಬಿಡಿಸುತ್ತಿದ್ದ ತೊಗರಿಕಾಯಿಯಿಂದ ಕಣ್ಣೆತ್ತಲೂ ಇಲ್ಲ.

“ಆ ಹುಡುಗ ನಸಿಕಿನಾಗ ಐದಕ್ಕ ಹೋಗಮು ಅಂದಿದ್ದ. ಆಗ ನೆಲದ ಕಡಿಂದ ಗಾಳಿ ಇರತದಂತ. ಇವರು ಬಿಸಿನೀರ ಬೇಕಂದ್ರು, ಚಾ ಬೇಕಂದ್ರು. ಏಳಾಯ್ತು. ಹೊಂಡಮು ಅನ್ನೂದರಾಗ ಸೋಮಾರ ರಾಹುಕಾಲ ಅಂತ ಒಂಬತ್ತರ ತನಾ ಕುಂತ್ರು. ದೋಣಿ ಹತ್ತುವಾಗ ಮೆಟ್ಟಲಿಗಿ ಎಡವಿ ಬೆರಳ ಒಡಕೊಂಡ್ರು, ಅದಕ್ಕ ಬಟ್ಟಿ ಸುತ್ತೂದು. ಬಂದರ ಬಿಡೂದರಾಗ ಆ ಗಾಳಿ ಸತ್ತಿತ್ತು, ಎದರಗಾಳಿ ಎದ್ದಿತ್ತು. ಮೂರು ದಿನಾನೂ ಹಿಂಗೇ.”

ನೆಲಗಾಳಿಯ ಪಾಠವನ್ನು ಮೂವತ್ತೆರಡು ವರ್ಷ ಕಲಿಸಿದವರು ನೆಲಗಾಳಿಯನ್ನೇ ತಪ್ಪಿಸಿಕೊಂಡು, ಹಾಗೆ ತಪ್ಪಿಸಿಕೊಂಡದ್ದರಿಂದಲೇ ವೀರರಾದ ಈ ಪರಿಯನ್ನು ನಾನು ಅರಗಿಸಿಕೊಳ್ಳುತ್ತಿರುವಾಗ, ಚುಕ್ಕಾಣಿ ಹಿಡಿದವರಾರೆಂದು ಕೇಳಿದೆನು. ಹುಡುಗ ಹಾಯಿಯ ಹಗ್ಗ ನೋಡಿಕೊಳ್ಳಬೇಕಾಗಿದ್ದುದರಿಂದ ತಾವೇ ಹಿಡಿದುದಾಗಿ ಬಾಯಾರು ಹೇಳಿದರು. ಗಾಳಿಯ ದಿಕ್ಕು ತಿಳಿಯುವುದು ಕಷ್ಟವಾಗಲಿಲ್ಲವೇ?

“ಕಣದಾಗ ಮೆಟ್ಟಿನ ಮ್ಯಾಲ ನಿಂತು ರಾಶಿ ತೂರಿದಾಕಿಗಿ ಗಾಳಿ ಎಲ್ಲಿಂದ ಬರ್ತದಂತ ಹೇಳಿಕೊಡಬೇಕೇನ್ರೀ? ಗಲ್ಲಕ್ಕ ಬಡೀತದ, ತಿಳೀತದ.”

ಮತ್ತೆ, ಆ ಓರೆಯ ನಡೆ, ಮಗ್ಗುಲು ಬದಲಿಸುವುದು, ಕರ್ಣ, ವರ್ಗಮೂಲ?

“ಹೊಳಿ ದಂಡಿ ಏರಿಗಿ ತುಂಬಿದ ಬಂಡಿ ಸೀದಾ ಹೊಡೀತಾರೇನು? ಎತ್ತ ಸಾಯ್ತಾವ. ಅಡ್ಡ ಹೊಡದು, ತಿರುವಿ, ಮತ್ತ ಅಡ್ಡ ಹೊಡೀತಾರ. ಅಷ್ಟೇ ಅದ.”

ಸುಣ್ಣದ ಕಡ್ಡಿಯಿಲ್ಲದೆ, ಎರಡು ಕಾಯಿ ಬಿಡಿಸುವಷ್ಟರಲ್ಲಿ ಪ್ರಮೇಯ ಮುಗಿದಿತ್ತು. ಇಂಗ್ಲೆಂಡಿನ ಎರಿಕ್ ಮತ್ತು ಸುಸಾನ್ ಹಿಸ್ಕಾಕ್ ಎಂಬ ದಂಪತಿಗಳು ಇಂಥದೇ 30 ಅಡಿಯ ದೋಣಿಯಲ್ಲಿ 1952ರಿಂದ 1955ರವರೆಗೆ ಭೂಪ್ರದಕ್ಷಿಣೆ ಮಾಡಿದರೆಂದು ನನ್ನ ತಿಳಿವಳಿಕೆಯನ್ನೂ ಸ್ವಲ್ಪ ಪ್ರದರ್ಶಿಸಿದೆನು. “ಮೂರು ವರ್ಷ ಒಂದೇ ದೋಣ್ಯಾಗ?” ಎಂದು ಬಾಯಾರು ಆ ಹೆಣ್ಣುಮಗಳಿಗಾಗಿ ನಿಟ್ಟುಸಿರಿಟ್ಟರು. ನಮ್ಮ ನೌಕಾದಳದ ದಿಲ್ನಾ, ರೂಪಾ ಎಂಬ ಇಬ್ಬರು ಅಧಿಕಾರಿಣಿಯರು ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ 2024ರ ಅಕ್ಟೋಬರ್ 2ರಂದು ಅದೇ ಗೋವೆಯಿಂದ ಹೊರಟು, ಲೋಕವನ್ನು ಸುತ್ತಿ, 2025ರ ಮೇ 29ರಂದು ಮರಳಿದರೆಂದಾಗ ಮಾತ್ರ ಅವರ ಕೈ ಮೊರದ ಮೇಲೆ ನಿಂತಿತು.

“ಗಂಡಸರು ಜೋಡಿ ಇರಲಿಲ್ಲಲ್ಲ. ಅದಕ್ಕೇ ಟೈಮಿಗಿ ಹೊಂಟಾರ.”

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಬಾಯಾರು ಸೆರಗು ಸರಿಮಾಡಿಕೊಂಡು ಚಹಾ ಇಡಲು ಒಳಗೆ ಹೋದರು. ಮಾಸ್ತರರು ನನ್ನನ್ನು ಪಡಸಾಲೆಯ ಗೋಡೆಯಲ್ಲಿ ತೂಗುಹಾಕಿದ ಚಿತ್ರದ ಮುಂದೆ ನಿಲ್ಲಿಸಿ, ಕಾಬೊ ದ ರಾಮದ ಪ್ರಕರಣವನ್ನು ಆರಂಭಿಸಿದರು. ಚಿತ್ರದಲ್ಲಿ ಓರೆಯಾಗಿ ವಾಲಿದ ದೋಣಿ, ಹಿಂದೆ ಕೋಟೆ. ಇಳಕಲ್ ಸೀರೆಯ ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚುಕ್ಕಾಣಿಯ ಕೋಲನ್ನು ಹಿಡಿದು ಗಾಳಿಯತ್ತ ಗಲ್ಲ ತಿರುಗಿಸಿ ಕುಳಿತ ಬಾಯಾರು. ಶಿಷ್ಯನು ಹಗ್ಗದಲ್ಲಿ ತೊಡಗಿದ್ದುದರಿಂದ ಆ ಅಲೆಗಳ ನಡುವೆಯೂ ಕ್ಯಾಮರಾ ಹಿಡಿದು ನಿಂತವರು ತಾವೇ ಎಂದು ಮಾಸ್ತರರು ಹೇಳಿದರು. ಚಿತ್ರದ ಕೆಳಗಿನ ಮೂಲೆಯಲ್ಲಿ ದೋಣಿಯ ಕೋಣೆಗೆ ಇಳಿಯುವ ಬಾಗಿಲು ಕಾಣುತ್ತದೆ; ಬಾಗಿಲಿನಿಂದ ಹೊರಗೆ, ಮಲಗಿರುವವರ ಎರಡು ಪಾದಗಳು, ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ.