ಸರ್ವರ್‌ಮಣಿದರ್ಪಣ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯ ಹೇಳಿಯೇ ಮುಂದೆ ಹೋಗಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಈ ಗ್ರಂಥದ ವಿಷಯ, ವಿಶ್ವವಿದ್ಯಾಲಯಕ್ಕೂ ಅದರ ಕೆಳಗಿನ ಕಾಲೇಜುಗಳಿಗೂ ಸೇರಿದ ವಿಭಾಗಗಳಿಗೆ ದೊರೆಯುವ ತಂತ್ರಜ್ಞಾನ ಸೇವೆಗಳು. ಪ್ರಯೋಜನ, ಯಾವುದು ಕೆಟ್ಟರೆ ಯಾರಿಗೆ ಫೋನು ಮಾಡಬೇಕೆಂಬ ತಿಳಿವಳಿಕೆ. ಸಂಬಂಧ, ಫೋನು ಮಾಡಿದವರಿಗೂ ಎತ್ತದವರಿಗೂ ಇರುವಂಥದ್ದು. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯತೆ ಪಡೆದವರು: ರಾಯಚೂರು ಜಿಲ್ಲೆಯ ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ ಪರೀಕ್ಷಾ ಶುಲ್ಕದ ಕೊನೆಯ ದಿನ ಸಂಜೆ ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡಿದ ಯಾರಾದರೂ ಸರಿ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಕ್ಕೆ ಕನ್ನಡಿ ಹಿಡಿದ. ನಾವು ಸರ್ವರಿಗೆ ಹಿಡಿಯುತ್ತಿದ್ದೇವೆ. ಅವನ ಶಬ್ದಗಳು ಕರೆದಾಗ ಬರುತ್ತಿದ್ದವು ಎಂಬಷ್ಟೇ ವ್ಯತ್ಯಾಸ.

ಪೂರ್ವಪಕ್ಷ ಹೀಗಿದೆ. ಸೇವೆಗಳು ಮೂರು ಬಗೆ. ಯಂತ್ರ, ತಂತ್ರಾಂಶ, ಜಾಲ. ನ್ಯಾಕ್ ಮೌಲ್ಯಮಾಪನಕ್ಕೆಂದು ಕಾಲೇಜುಗಳು ಅಚ್ಚು ಹಾಕಿಸುವ ಹೊತ್ತಿಗೆಗಳಲ್ಲಿ ಇದೇ ವಿಂಗಡಣೆ ಕಾಣುತ್ತದೆ. ಇದು ಸಲ್ಲದು. ಕೆಟ್ಟು ನಿಂತ ವಸ್ತುವನ್ನು ಅದು ಕೆಡದಿದ್ದಾಗ ಏನಾಗಿತ್ತು ಎಂಬುದರಿಂದ ವರ್ಗೀಕರಿಸುವುದು ವೈದ್ಯರ ಕ್ರಮವಲ್ಲ. ಕೆಟ್ಟಾಗ ಬರುವವರು ಇದ್ದಾರೆಯೇ, ಇದ್ದರೆ ಎಷ್ಟು ದೂರದಿಂದ ಬರಬೇಕು ಎಂಬುದರ ಮೇಲೆ ವಿಂಗಡಿಸುವುದೇ ಸಿದ್ಧಾಂತ. ಆ ಪ್ರಕಾರ ಸೇವೆ ನಾಲ್ಕು ವಿಧ: ದಿವ್ಯ, ಆಜ್ಞಾರೂಪ, ದಾಯರೂಪ, ಮಾನುಷ.

ದಿವ್ಯವೆಂದರೆ ಮೇಲಿನಿಂದ ಇಳಿದು ಬರುವುದು. ಇದಕ್ಕೆ ಶುದ್ಧ ಉದಾಹರಣೆ ಎಜುಸ್ಯಾಟ್. ಪಾಠಕ್ಕೆಂದೇ ಮಾಡಿದ ಈ ಉಪಗ್ರಹವನ್ನು ಇಸ್ರೋ 2004ರ ಸೆಪ್ಟೆಂಬರ್ 20ರಂದು ಹಾರಿಸಿತು. ಅದನ್ನು ಮೊದಲು ಬಳಸಿಕೊಂಡವುಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. 2010ರಲ್ಲಿ ಉಪಗ್ರಹ ನಿವೃತ್ತವಾಯಿತು. ಅದೇ ವರ್ಷ ರಾಷ್ಟ್ರೀಯ ಜ್ಞಾನ ಜಾಲಕ್ಕೆ 5,990 ಕೋಟಿ ರೂಪಾಯಿ ಮಂಜೂರಾಗಿ, ಆಕಾಶದ ಕೆಲಸ ನೆಲದೊಳಗಿನ ಕೇಬಲ್ಲಿಗೆ ಇಳಿಯಿತು. ದಿವ್ಯಸೇವೆ ಬರುವುದನ್ನು ಎಲ್ಲರೂ ನೋಡುತ್ತಾರೆ, ಹೋಗುವುದನ್ನು ಯಾರೂ ನೋಡುವುದಿಲ್ಲ. ಇಷ್ಟು ಸಾಕು.

ಎರಡನೆಯದಾದ ಆಜ್ಞಾರೂಪಕ್ಕೆ ನಮ್ಮ ಸೀಮೆಯಲ್ಲಿ ಇತಿಹಾಸ ದೊಡ್ಡದು. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಇದೇ ಗುಂಪಿಗೆ ಸೇರಿದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದ ತಲೆಯಲ್ಲಿ ಒಂದು ರವಾನೆ ಟಿಪ್ಪಣಿಯೇ ಇದೆ: ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ದೊರೆಯ ಮಾತನ್ನು ಕೆಳಗೆ ದಾಟಿಸುತ್ತಾರೆ. ರಾಜಧಾನಿಯಿಂದ ಪ್ರಾಂತ್ಯಕ್ಕೆ, ಪ್ರಾಂತ್ಯದಿಂದ ಠಾಣೆಗೆ, ಠಾಣೆಯಿಂದ ಬಂಡೆಗೆ. ಇಂದಿನ ಸುತ್ತೋಲೆಯೂ ಬೆಂಗಳೂರಿನಿಂದ ಜಂಟಿ ನಿರ್ದೇಶಕರಿಗೆ, ಅಲ್ಲಿಂದ ಪ್ರಾಂಶುಪಾಲರಿಗೆ, ಅಲ್ಲಿಂದ ವಾಟ್ಸ್ಆ್ಯಪ್ ಗುಂಪಿಗೆ ಹೀಗೆಯೇ ಇಳಿಯುತ್ತದೆ. ಕ್ಷೇಮ ವಿಚಾರಿಸುವ ಸಾಲನ್ನು ಮಾತ್ರ ನಡುವೆ ಯಾರೋ ತೆಗೆದುಹಾಕಿದ್ದಾರೆ.

ಆಜ್ಞಾರೂಪ ಸೇವೆಗಳಲ್ಲಿ ಚಕ್ರವರ್ತಿಸ್ಥಾನ ಯುಯುಸಿಎಂಎಸ್ ಎಂಬ ಪೋರ್ಟಲ್ಲಿಗೆ. ರಾಜ್ಯದ ವಿಶ್ವವಿದ್ಯಾಲಯಗಳನ್ನೂ ಅವುಗಳ ಕಾಲೇಜುಗಳನ್ನೂ ಒಂದೇ ಸೂರಿನಡಿ ತಂದ ಈ ವ್ಯವಸ್ಥೆ 2021-22ರ ಪ್ರವೇಶದ ಹೊತ್ತಿಗೆ ಬಂತು. ಪ್ರವೇಶ, ಶುಲ್ಕ, ಆಂತರಿಕ ಅಂಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲಕ್ಕೂ ಇದೇ ಬಾಗಿಲು. ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಮುದಗಲ್ಲಿನ ಪದವಿ ವಿದ್ಯಾರ್ಥಿಗಳು 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯದ ಮಕ್ಕಳಾಗಿದ್ದರು. ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾದರೆ ಕಲಬುರಗಿ ಬಸ್ಸು ಹತ್ತಬೇಕಿತ್ತು. ಆಮೇಲೆ ರಾಯಚೂರು, ಯಾದಗಿರಿ ಜಿಲ್ಲೆಗಳಿಗೆಂದು ರಾಯಚೂರು ವಿಶ್ವವಿದ್ಯಾಲಯ ಯರಗೇರಾದಲ್ಲಿ ಬೇರೆಯಾಗಿ ನಿಂತಿತು. ಈಗ ಅದರ ಹೆಸರು ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ. ಇನ್ನು ದಾರಿ ಸಮೀಪವಾಯಿತು ಎಂದು ಜನ ಹಿಗ್ಗುವಷ್ಟರಲ್ಲಿ ಕೆಲಸ ಪೋರ್ಟಲ್ಲಿಗೆ ಏರಿತ್ತು. ಕಟ್ಟಡ ಹತ್ತಿರ ಬಂದ ವರ್ಷಗಳಲ್ಲೇ ಕೌಂಟರು ದೂರ ಹೋಯಿತು. ಕೌಂಟರಿನಲ್ಲಿ ಕೂತವರ ಜತೆ ಜಗಳವಾಡಬಹುದಿತ್ತು, ಊಟದ ಹೊತ್ತು ನೋಡಿ ಮಾತಾಡಿಸಬಹುದಿತ್ತು. ಪೋರ್ಟಲ್ಲು ಲಂಚ ಮುಟ್ಟುವುದಿಲ್ಲ, ಅದು ದೊಡ್ಡ ಗುಣ. ಕಣ್ಣೀರಿಗೆ ಕರಗುವುದೂ ಇಲ್ಲ.

ಆಜ್ಞಾರೂಪದ ಒಂದು ಉಪಜಾತಿ ಅಕ್ಷರರೂಪ. ಕನ್ನಡ ವಿಭಾಗಗಳಿಗೆ ಇದರ ಪೀಡೆ ಹೆಚ್ಚಾದ್ದರಿಂದ ಸ್ವಲ್ಪ ನಿಲ್ಲೋಣ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಮನೆ ಸಿಕ್ಕಿತ್ತು. ಆದರೆ ನಾವು ಆ ಮನೆಗೆ ಹೋಗಲಿಲ್ಲ. 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳುಗಳಿಗೆ ಕೂತಿತು. ಬೆರಳು ಕಲಿತದ್ದು ಸರಿಯೇ. ತಪ್ಪಿದ್ದು ಒಳಗಿನ ಸಂಕೇತ. ಹಳೆಯ ನುಡಿ ಫಾಂಟಿನ ಕಡತ ಮತ್ತೊಂದು ಕಂಪ್ಯೂಟರಿಗೆ ಹೋದರೆ ‘ಕನ್ನಡ’ ಎಂಬ ಪದ ಟೊಪ್ಪಿಗೆ ಹಾಕಿದ ರೋಮನ್ ಅಕ್ಷರಗಳ ಗುಂಪಾಗುತ್ತದೆ. ‘ನ’ಕಾರ ಬ್ರಿಟಿಷ್ ಪೌಂಡಿನ ಚಿಹ್ನೆಯಾಗುತ್ತದೆ. ಹಾಗಾಗಿ ಶೋಧಗಂಗಾ ಎಂಬ ಪ್ರಬಂಧ ಭಂಡಾರದಲ್ಲಿರುವ ಎಷ್ಟೋ ಕನ್ನಡ ಮಹಾಪ್ರಬಂಧಗಳು ಕಣ್ಣಿಗೆ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಯುಜಿಸಿ 2009ರಲ್ಲೇ ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕಡ್ಡಾಯ ಮಾಡಿತು. ಯಾವ ಅಕ್ಷರದಲ್ಲಿ ಎಂಬುದನ್ನು ಟೈಪಿಸುವವರಿಗೆ ಬಿಟ್ಟಿತು. ಇದು ಹೊಸ ರೋಗವೇನಲ್ಲ ಎನ್ನುವವರು ಬ್ರಹ್ಮಗಿರಿಯನ್ನೇ ತೋರಿಸಬಹುದು. ಅಲ್ಲಿ ಚಪಡನೆಂಬ ಲಿಪಿಕಾರ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎಂಬ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಕಡತದ ಕೊನೆಯ ಸಾಲಿನಲ್ಲಿ ಫಾಂಟು ಬದಲಾಗುವ ಚಾಳಿ ನಮ್ಮ ರಾಜ್ಯದಲ್ಲಿ ಎರಡು ಸಾವಿರದ ಇನ್ನೂರು ವರ್ಷ ಹಳೆಯದು.

ಮೂರನೆಯದು ದಾಯರೂಪ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ ಮಿತಾಕ್ಷರಾದಲ್ಲಿ ದಾಯವನ್ನು ಎರಡಾಗಿ ಒಡೆದಿದ್ದಾನೆ: ಹುಟ್ಟಿನಿಂದಲೇ ಹಕ್ಕು ಬರುವ ಅಪ್ರತಿಬಂಧ ದಾಯ, ಹಿಂದಿನ ಒಡೆಯ ಮಕ್ಕಳಿಲ್ಲದೆ ತೀರಿಕೊಂಡರೆ ಮಾತ್ರ ಅಣ್ಣತಮ್ಮಂದಿರಿಗೋ ಚಿಕ್ಕಪ್ಪನಿಗೋ ಬರುವ ಸಪ್ರತಿಬಂಧ ದಾಯ. ಕಾಲೇಜಿನ ಕಂಪ್ಯೂಟರುಗಳ ವಿಷಯದಲ್ಲಿ ಈ ಗ್ರಂಥವನ್ನು ಮೀರಿದ ಪ್ರಮಾಣ ಇಲ್ಲ. ಗಣಕ ವಿಜ್ಞಾನ ವಿಭಾಗಕ್ಕೂ ವಾಣಿಜ್ಯ ವಿಭಾಗಕ್ಕೂ ಹೊಸ ಯಂತ್ರದಲ್ಲಿ ಜನ್ಮತಃ ಹಕ್ಕು. ಪ್ರಾಂಶುಪಾಲರ ಕೋಣೆಯ ಹಳೆಯ ಯಂತ್ರ ಕಚೇರಿಗೆ, ಕಚೇರಿಯದು ಗ್ರಂಥಾಲಯಕ್ಕೆ, ಅಲ್ಲಿಂದ ಇತಿಹಾಸಕ್ಕೆ, ಕೊನೆಗೆ ಕನ್ನಡಕ್ಕೆ. ಆ ಹೊತ್ತಿಗೆ ಅದು ಪಿತ್ರಾರ್ಜಿತವಾಗಿ ಉಳಿದಿರುವುದಿಲ್ಲ, ಪಿತೃವೇ ಆಗಿರುತ್ತದೆ. ಪೂರಾ ಸತ್ತ ಮೇಲೂ ಸ್ಟಾಕ್ ರಿಜಿಸ್ಟರಿನಲ್ಲಿ ಬದುಕಿರುವುದರಿಂದ ಬಿಸಾಡುವಂತಿಲ್ಲ; ವಿಲೇವಾರಿಗೆ ಸಮಿತಿ ಬೇಕು, ಸಮಿತಿಗೆ ಕೋರಂ ಬೇಕು. ಆದ್ದರಿಂದ ಒಂದು ಕೋಣೆ ಇವುಗಳಿಗೇ ಮೀಸಲು. ಕೊಠಡಿ ಸಾಲದೆಂದು ಪಾಳಿಯಲ್ಲಿ ಪಾಠ ಮಾಡುವ ಕಾಲೇಜಿನಲ್ಲೂ ಇದು ಇರುತ್ತದೆ.

ಈ ಮೂರು ಬಗೆಯ ಸೇವೆಗಳಿಗೂ ತಗಲುವ ತಾಪ ಮೂರು. ಇಲಿ ಕೇಬಲ್ ಕಡಿದರೆ ಆಧಿಭೌತಿಕ. ಮಳೆಗಾಳಿಗೆ ಕರೆಂಟು ಹೋಗಿ, ಯುಪಿಎಸ್ ಹತ್ತು ನಿಮಿಷ ಕಿರುಚಿ ಸುಮ್ಮನಾದರೆ ಆಧಿದೈವಿಕ. ಪಾಸ್‌ವರ್ಡ್ ಮರೆತರೆ ಆಧ್ಯಾತ್ಮಿಕ. ಮೂರರಲ್ಲಿ ಕೊನೆಯದೇ ಘೋರ. ಮುದಗಲ್ ಕೋಟೆ ಬಹಮನಿ, ವಿಜಯನಗರ, ಆದಿಲಶಾಹಿಗಳ ನಡುವೆ ಮತ್ತೆ ಮತ್ತೆ ಕೈ ಬದಲಾಯಿಸಿದಾಗಲೂ ಬೀಗದ ಕೈ ಗೆದ್ದವರಿಗೆ ಸಿಗುತ್ತಿತ್ತು. ಕಾಲೇಜಿನ ಲಾಗಿನ್ನಿನ ಒಟಿಪಿ ಮಾತ್ರ ಬೇರೆ ಜಿಲ್ಲೆಗೆ ವರ್ಗವಾಗಿ ಹೋದವರ ಮೊಬೈಲಿಗೇ ಹೋಗುತ್ತದೆ. ಅವರು ಅಲ್ಲಿ ಕ್ಲಾಸಿನಲ್ಲಿರುತ್ತಾರೆ; ಒಟಿಪಿಯ ಆಯುಷ್ಯ ಕೆಲವೇ ನಿಮಿಷ.

ಈಗ ನಾಲ್ಕನೆಯದಾದ ಮಾನುಷ ಸೇವೆ. ಯಾವ ಹೊತ್ತಿಗೆಯಲ್ಲೂ ಹೆಸರಿಲ್ಲದ ಈ ಸೇವೆಯೇ ಮೇಲಿನ ಮೂರನ್ನೂ ಹೊತ್ತು ನಿಂತಿದೆ. ಇದರ ಲಕ್ಷಣ: ಕರೆದರೆ ಬರುತ್ತದೆ. ಇದರಲ್ಲಿ ಅಂತರಂಗ, ಬಹಿರಂಗ ಎಂದು ಎರಡು. ಅಂತರಂಗದವರು ಗಣಕ ವಿಜ್ಞಾನದ ಅತಿಥಿ ಉಪನ್ಯಾಸಕರು ಮತ್ತು ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರು. ಮೊದಲನೆಯವರಿಗೆ ಸಂಬಳ ಪಾಠಕ್ಕೆ, ಎರಡನೆಯವರಿಗೆ ಟೈಪಿಂಗಿಗೆ. ಪ್ರಿಂಟರಿನ ಹೊಟ್ಟೆಯಿಂದ ಕಾಗದ ಎಳೆಯುವುದಕ್ಕೆ, ರೌಟರಿನ ತಲೆ ಸವರುವುದಕ್ಕೆ, ಹಿರಿಯ ಪ್ರಾಧ್ಯಾಪಕರ ಕಡತವನ್ನು ಯೂನಿಕೋಡಿಗೆ ತಿರುಗಿಸಿಕೊಡುವುದಕ್ಕೆ ಇಬ್ಬರಿಗೂ ಏನೂ ಇಲ್ಲ. “ಸರಾ, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ” ಎಂಬ ಮಹಾಮಂತ್ರದ ದ್ರಷ್ಟಾರರು ಇವರೇ. ಮೇ ತಿಂಗಳಲ್ಲಿ ಅತಿಥಿಗಳ ಅವಧಿ ಮುಗಿದು ಅವರು ಮನೆಗೆ ಹೋದರೆ ಕಾಲೇಜಿನ ಅರ್ಧ ಜ್ಞಾನ ಅವರೊಂದಿಗೆ ಹೋಗುತ್ತದೆ.

ಬಹಿರಂಗದವರು ಬಸ್‌ಸ್ಟ್ಯಾಂಡ್ ಹತ್ತಿರದ ಝರಾಕ್ಸ್ ಅಂಗಡಿಯವರು. ವಿದ್ಯಾರ್ಥಿಯ ಫೋಟೊವನ್ನು ಪೋರ್ಟಲ್ ಕೇಳಿದಷ್ಟೇ ಕೆಬಿಗೆ ಇಳಿಸುವುದು, ಆಧಾರಿನ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಇರುವ ಒಂದಕ್ಷರದ ಜಗಳ ಕಂಡುಹಿಡಿಯುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಮರೆಯದಂತೆ ಪಾಸ್‌ವರ್ಡನ್ನು ಅರ್ಜಿಯ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದುಕೊಡುವುದು ಇವರ ಷಟ್ಕರ್ಮಗಳಲ್ಲಿ ನಾಲ್ಕು. ಸೈಬರ್ ಸುರಕ್ಷತೆಯ ಪಂಡಿತರು ಕೊನೆಯದನ್ನು ಕಂಡರೆ ಮೂರ್ಛೆ ಹೋದಾರು. ಆದರೆ ಹಳ್ಳಿಯಿಂದ ಬಂದ ಹುಡುಗಿಗೆ ಅದೊಂದೇ ನೆರವು ಕೇಂದ್ರ. ಹತ್ತು ರೂಪಾಯಿಗೆ, ರಸೀದಿ ಇಲ್ಲದೆ. ಮೊಹರಮ್ಮಿಗೆ ಮುದಗಲ್ಲಿನಲ್ಲಿ ಜನಸಾಗರ ಸೇರಿದ ದಿನಗಳಲ್ಲೇ ಅರ್ಜಿಯ ಕೊನೆಯ ದಿನವೂ ಬಿದ್ದರೆ ಈ ಸೇವೆಯೂ ಸಿಗದು. ಆಗ ದಂಡಶುಲ್ಕ ಸಮೇತ ಕಟ್ಟುವುದೇ ಪರಿಹಾರವೆಂದು ಶಾಸ್ತ್ರ.

ಆಕ್ಷೇಪ: ಹಾಗಾದರೆ ದುಡ್ಡಿಲ್ಲವೆ? ಇದೆ. ಕೊಳ್ಳಲು ಲೆಕ್ಕಶೀರ್ಷಿಕೆ ಸಿಗುತ್ತದೆ, ಕೊಂಡದ್ದನ್ನು ಉದ್ಘಾಟಿಸಲು ವೇದಿಕೆ ಸಿಗುತ್ತದೆ. ಕೊಂಡದ್ದನ್ನು ನೋಡಿಕೊಳ್ಳುವ ಕಾಯಂ ಹುದ್ದೆ ಸಿಗುವುದು ಅಪರೂಪ. ಹತ್ತು ಕಂಪ್ಯೂಟರಿನ ಬದಲು ಎಂಟು ಕೊಂಡು, ಉಳಿದದ್ದರಲ್ಲಿ ಲಿಂಗಸುಗೂರು ತಾಲ್ಲೂಕಿನ ಕಾಲೇಜುಗಳಿಗೆಲ್ಲ ಸೇರಿ ಒಬ್ಬ ತಂತ್ರಜ್ಞರನ್ನು ಬೈಕಿನ ಮೇಲೆ ತಿರುಗಲು ಬಿಟ್ಟರೆ ಈ ಗ್ರಂಥದ ಮುಕ್ಕಾಲು ಭಾಗ ರದ್ದಾಗುತ್ತದೆ. ಗ್ರಂಥಕರ್ತನಿಗೆ ಅದರಿಂದ ಬೇಸರವಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಅರಿಕೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ‘ಒಂದು ದೇಶ ಒಂದು ಚಂದಾ’ ಯೋಜನೆಗೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಇದರಿಂದ ಪುಕ್ಕಟೆ. ಸರ್ಕಾರಿ ಕಾಲೇಜುಗಳನ್ನೂ ಇದರಲ್ಲಿ ಲೆಕ್ಕ ಹಿಡಿದಿದ್ದಾರೆ. ನಿಮ್ಮ ಕಾಲೇಜು ನೋಂದಣಿಯಾಗಿದೆಯೇ, ನಿಮ್ಮ ಹೆಸರಿಗೆ ಲಾಗಿನ್ ಆಗಿದೆಯೇ ಎಂದು ನಾಳೆಯೇ ಗ್ರಂಥಪಾಲಕರನ್ನು ಕೇಳಿ. ಹಣ ಮಂಜೂರಾಗಿರುವುದು 2027ರವರೆಗೆ ಮಾತ್ರ.