ಹಲ್ಲುಕುಂಟೆ ಮೀಮಾಂಸೆ: ಬೆಳೆಯಿಲ್ಲದ ಬೇಸಾಯದ ಕುರಿತು ಒಂದು ಶಾಸ್ತ್ರವಿಚಾರ

ಲ್ಯಾಂಡ್‌ಸ್ಕೇಪ್ ರೇಕ್ ಎಂಬ ಪದಾರ್ಥದ ವಿಷಯದಲ್ಲಿ ನಮ್ಮ ಪೂರ್ವಸೂರಿಗಳು ಯಾಕೆ ಬಾಯಿ ಬಿಡಲಿಲ್ಲವೆಂಬುದು ವಿಚಾರಾರ್ಹ. ಕಣಾದರು ಪರಮಾಣುವನ್ನೂ ಬಿಡಲಿಲ್ಲ, ಗೌತಮರು ಸಂಶಯವನ್ನೂ ಬಿಡಲಿಲ್ಲ. ಆದರೆ ಟ್ರ್ಯಾಕ್ಟರಿನ ಹಿಂದೆ ತೂಗುವ, ಆರಡಿ ಅಗಲದ, ಸುಮಾರು ಇಂಚಿಗೊಂದರಂತೆ ಬಾಗಿದ ಉಕ್ಕಿನ ಹಲ್ಲು ಕಟ್ಟಿಸಿಕೊಂಡ ಈ ವಸ್ತುವನ್ನು ಇಬ್ಬರೂ ಕೈಬಿಟ್ಟರು. ಆ ಕಾಲಕ್ಕೆ ಟ್ರ್ಯಾಕ್ಟರ್ ಇರಲಿಲ್ಲ ಎಂಬುದು ದುರ್ಬಲ ಸಮಾಧಾನ. ಪರಮಾಣುವನ್ನು ತಾನೆ ಯಾರು ನೋಡಿದ್ದರು? ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಎರಡೆಕರೆಗೆ ಮಿಕ್ಕಿ ಹುಲ್ಲಿದ್ದು ಮನೆಯಲ್ಲಿ ಒಂದೂ ಹಸು ಇಲ್ಲದವನು.

ಮೊದಲು ಲಕ್ಷಣ. ಹಲ್ಲಿರುವುದೇ ಕುಂಟೆ ಎಂದರೆ ಮೊಸಳೆಗೂ ಕೆಲವು ಸಂಪಾದಕರಿಗೂ ಅತಿವ್ಯಾಪ್ತಿ. ನೆಲ ಹರಗುವುದು ಎಂದರೆ ನಮ್ಮೂರ ಹಲುಬೆಗೆ ಅತಿವ್ಯಾಪ್ತಿ. ಹಲುಬೆಯ ಹಿಂದೆ ಕೂರಿಗೆ ಬರುತ್ತದೆ, ಕೂರಿಗೆಯ ಹಿಂದೆ ರಾಗಿ, ರಾಗಿಯ ಹಿಂದೆ ಸಾಲದವನು. ಇಲ್ಲಿ ಹಾಗೆ ಯಾರೂ ಬರುವುದಿಲ್ಲ. ಆದ್ದರಿಂದ 'ಯಾರೂ ಉಣ್ಣದ ಬೆಳೆಗಾಗಿ ಎಳೆಯಲ್ಪಡುವ ಹಲ್ಲಿನ ಸಾಲು' ಎಂಬುದೇ ನಿರ್ದುಷ್ಟ ಲಕ್ಷಣ. ಹುಲ್ಲಿನ ಬೀಜ ಬಿತ್ತುವ ಮುಂಚೆ ಹದ ಮಾಡುವುದಕ್ಕೂ ಇದನ್ನು ಎಳೆಯುತ್ತಾರಲ್ಲ ಎಂದು ಪೂರ್ವಪಕ್ಷಿ ಕೇಳಿಯಾನು. ಕೊಯ್ದು ಎಸೆಯಲೆಂದೇ ಬಿತ್ತುವುದು ಬಿತ್ತನೆಯಲ್ಲ, ಅದು ವ್ರತ.

ಶಾಸ್ತ್ರದ ಪದ್ಧತಿಯಂತೆ ಉದಾಹರಣೆಗೆ ಒಬ್ಬ ದೇವದತ್ತ ಬೇಕು. ನಮ್ಮವನು ಸಿರಸಿ ಸೀಮೆಯ ಅಡಿಕೆ ತೋಟದವರ ಮಗ, ಈಗ ಟೆಕ್ಸಾಸ್‌ನ ಟಾಂಬಾಲ್ ಆಚೆ ಐದೆಕರೆಯ ಒಡೆಯ. ಅವನ ಅಂಗಳ ಸದಾ ಚೊಕ್ಕಟ, ಆದರೆ ಅವನ ಕೈಯಲ್ಲಿ ಪೊರಕೆ ಕಂಡವರಿಲ್ಲ. ಹಗಲು ಉಣ್ಣದೆಯೂ ದಪ್ಪಗಿದ್ದ ಹಳೆಯ ದೇವದತ್ತ ರಾತ್ರಿ ಉಣ್ಣುತ್ತಾನೆಂದು ಹಿರಿಯರು ನಿರ್ಣಯಿಸಿದ ಕ್ರಮದಲ್ಲೇ, ಇವನ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಇದೆ ಎಂಬುದು ಅರ್ಥಾಪತ್ತಿಯಿಂದ ಸಿದ್ಧ. ಅದು ಮಹೀಂದ್ರ ಆಗಿರಲೂ ಸಾಕು. ಆ ಕಂಪನಿ 1994ರಲ್ಲಿ ಅಮೆರಿಕದ ಅಂಗಡಿ ತೆರೆದದ್ದು ಇದೇ ಟಾಂಬಾಲ್‌ನಲ್ಲಿ. ದೇವದತ್ತನಿಗಿಂತ ಮುಂಚೆಯೇ ಟ್ರ್ಯಾಕ್ಟರಿಗೆ ವೀಸಾ ಸಿಕ್ಕಿತ್ತು.

ಇನ್ನು ಗುರುಪರಂಪರೆ. ಮೂಲಪುರುಷ ಹ್ಯಾರಿ ಫರ್ಗ್ಯೂಸನ್, ಉತ್ತರ ಐರ್ಲೆಂಡಿನವನು. 1909ರಲ್ಲಿ ತಾನೇ ಕಟ್ಟಿದ ವಿಮಾನ ಹಾರಿಸಿದ. ಬಳಿಕ ಜ್ಞಾನೋದಯವಾಗಿ ನೆಲಕ್ಕೆ ಬಂದ. ಆಗಿನ ಟ್ರ್ಯಾಕ್ಟರುಗಳಿಗೆ ಒಂದು ಚಟವಿತ್ತು: ನೇಗಿಲು ಬಂಡೆಗೆ ಸಿಕ್ಕಿದೊಡನೆ ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಸವಾರನ ಮೇಲೆ ಬೀಳುವುದು. ಕೆಳಗೆರಡು, ಮೇಲೊಂದು, ಹೀಗೆ ಮೂರು ಕೊಂಡಿಗಳಿಂದ ಉಪಕರಣವನ್ನು ಟ್ರ್ಯಾಕ್ಟರಿಗೇ ಬೆಸೆದು ಫರ್ಗ್ಯೂಸನ್ ಆ ಚಟ ಬಿಡಿಸಿದ. 1938ರಲ್ಲಿ ಹೆನ್ರಿ ಫೋರ್ಡ್ ಕೈಕುಲುಕಿ ಅದನ್ನು ಒಪ್ಪಿಕೊಂಡ, ಕಾಗದವಿಲ್ಲ, ಪತ್ರವಿಲ್ಲ. ಮರುವರ್ಷವೇ ಫೋರ್ಡ್ 9ಎನ್ ಹೊರಬಿತ್ತು. ಮುಂದೆ ಫೋರ್ಡನ ಮೊಮ್ಮಗನ ಕಾಲಕ್ಕೆ ಸಂಬಂಧ ಹಳಸಿ, ಕೋರ್ಟು ಕಟ್ಟೆ ಹತ್ತಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ನಮ್ಮಲ್ಲಿ ಬದುವಿನ ವ್ಯಾಜ್ಯ ಮೂರು ತಲೆಮಾರು ನಡೆಯುತ್ತದೆ. ಇವರು ನಾಲ್ಕೇ ವರ್ಷಕ್ಕೆ ಮುಗಿಸಿದರೆಂಬುದು ಆ ನಾಗರಿಕತೆಯ ಅಪಕ್ವತೆಗೆ ಸಾಕ್ಷಿ.

ಹುಲ್ಲಿದೆ, ಹಸು ಎಲ್ಲಿ ಎಂಬ ಪ್ರಶ್ನೆಗೆ ಭಾಷ್ಯ ಬರೆದವನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್, 1899ರಲ್ಲಿ. ಹುಲ್ಲುಹಾಸು ಎಂದರೆ ವಾಸ್ತವವಾಗಿ ಗೋಮಾಳ. ಹಸುವೂ ಅಲ್ಲಿ ಚೆಂದವೇ. ಆದರೆ ಹಸು ನಿಂತರೆ ಹಾಲು, ಉಳಿತಾಯ, ದುಡಿಮೆ ಇವೆಲ್ಲ ನೆನಪಾಗಿ ಮನೆಯ ಅಂತಸ್ತು ಇಳಿಯುತ್ತದೆ, ಅದಕ್ಕೇ ಜಿಂಕೆಯಂಥ ನಿರುಪಯುಕ್ತ ಪ್ರಾಣಿ ವಾಸಿ ಎಂಬುದು ಅವನ ಮತ. ವೆಬ್ಲೆನ್ ತೀರಿಕೊಂಡದ್ದು 1929ರಲ್ಲಿ. ಹಸುವಿನ ಜಾಗಕ್ಕೆ ಇಪ್ಪತ್ತೈದು ಅಶ್ವಶಕ್ತಿಯ ಡೀಸೆಲ್ ಪ್ರಾಣಿ ಬಂದದ್ದನ್ನು ನೋಡುವ ಪುಣ್ಯ ಅವನಿಗಿರಲಿಲ್ಲ.

ಈಗ ಪ್ರಯೋಗಕಾಂಡ. ಕುಂಟೆಯನ್ನು ನೇರ ಎಳೆಯಬೇಕೋ, ಓರೆ ಎಳೆಯಬೇಕೋ ಎಂಬಲ್ಲಿ ಎರಡು ಮತಗಳಿವೆ. ನೇರವಾದಿಗಳ ಕಸ ಮುಂದೆಯೇ ರಾಶಿಯಾಗುತ್ತದೆ; ಆಗಾಗ ಎತ್ತಿ ಸುರಿಯಬೇಕು. ಓರೆವಾದಿಗಳು ಗೂಟ ಕಿತ್ತು ಕುಂಟೆಯನ್ನು ಮೂವತ್ತು ಡಿಗ್ರಿ ತಿರುಗಿಸುತ್ತಾರೆ. ಕಸ ಹಲ್ಲಿನುದ್ದಕ್ಕೂ ಉರುಳುತ್ತ ಹಿಂತುದಿಯಲ್ಲಿ ದಿಂಡಾಗಿ ಬೀಳುತ್ತದೆ. ಈ ಸೌಖ್ಯಕ್ಕೆ ದಕ್ಷಿಣೆಯೂ ಇದೆ: ಆರಡಿಯ ಕುಂಟೆ ಆಗ ಬಾಚುವುದು ಸುಮಾರು 5.2 ಅಡಿ ಮಾತ್ರ. ಉಳಿದ ಮುಕ್ಕಾಲಡಿ ಕೊಸೈನ್ ಮಹಾಶಯನ ಪಾಲು. ಮೇಲ್ಕೊಂಡಿಯನ್ನು ಎರಡು ಸುತ್ತು ತಿರುಗಿಸಿದರೆ ಹಲ್ಲಿನ ಕೋನ ಬದಲಾಗಿ, ಎಲೆ ಸವರುತ್ತಿದ್ದ ಕುಂಟೆ ಹುಲ್ಲಿನ ಬೇರಿಗೇ ಬಾಯಿ ಹಾಕುತ್ತದೆ. ಯಾವ ಕಡೆಗೆ ಎಷ್ಟು ಸುತ್ತು ಎಂಬುದು ಗುರುಮುಖೇನ ತಿಳಿಯತಕ್ಕದ್ದು.

ಅತ್ಯಂತ ಸೂಕ್ಷ್ಮ ತತ್ತ್ವವೆಂದರೆ ಅಲೆ. ಎತ್ತುಗೋಲನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿ ಹೊರಟ ಟ್ರ್ಯಾಕ್ಟರಿನ ಮುಂಗಾಲಿ ಒಂದು ಗುಬುಟು ಹತ್ತಿತೆನ್ನಿ. ಮೂಗು ಏಳುತ್ತದೆ, ಹಿಂದಿನ ಹಲ್ಲು ನೆಲಕ್ಕೆ ಕುಕ್ಕುತ್ತದೆ. ಮುಂಗಾಲಿ ಇಳಿದರೆ ಹಲ್ಲು ಎದ್ದು, ಕೂಡಿಸಿದ್ದನ್ನೆಲ್ಲ ಚೆಲ್ಲುತ್ತದೆ. ಮರುಸಾಲಿಗೆ ಬಂದಾಗ ಹೊಸ ಗುಬುಟು ಸಿದ್ಧ. ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಸಮತಟ್ಟಾಗಿದ್ದ ಜಲ್ಲಿದಾರಿ ಕಾರವಾರದ ಕಡಲು. ಹಿಂದುಗಡೆ ಎರಡು ಪುಟ್ಟ ಗಾಲಿ ಕಟ್ಟಿ ಕುಂಟೆಯ ಎತ್ತರ ಹಿಡಿದಿಟ್ಟರೆ ಇದು ಶಮನವಾಗುತ್ತದೆ. ಆ ಗಾಲಿಗೆ ಬೇರೆ ದುಡ್ಡು.

ನ್ಯೂ ಇಂಗ್ಲೆಂಡಿನಲ್ಲಿ ಕಸಕ್ಕಿಂತ ಕಲ್ಲಿನ ಕಾಟ. ಚಳಿಗಾಲದ ಹೆಪ್ಪು ಪ್ರತಿವರ್ಷ ಒಳಗಿನ ಕಲ್ಲನ್ನು ಮೇಲಕ್ಕೆ ದೂಡುತ್ತದೆ, ಹೀಗಾಗಿ ಅಲ್ಲಿ ಕುಂಟೆಗೆ ವಾನಪ್ರಸ್ಥವಿಲ್ಲ. ಟೆಕ್ಸಾಸ್‌ನ ಪೂರ್ವಕ್ಕೆ ಪೈನ್ ಸೂಜಿ, ಸ್ವೀಟ್‌ಗಮ್ ಮರದ ಮುಳ್ಳುಕಾಯಿ. ಇವನ್ನು ದೇವದತ್ತ ದಿಂಡುದಿಂಡಾಗಿ ಎಳೆದು ಬೇಲಿಯಂಚಿನಲ್ಲಿ ಗುಡ್ಡೆ ಹಾಕುತ್ತಾನೆ. ಕುಂಟೆ ಕೂಡಿಸಬಲ್ಲುದು, ಎತ್ತಲಾರದು. ಎತ್ತುವುದಕ್ಕೆ ಮುಂದುಗಡೆ ಲೋಡರ್ ಬೇಕು, ಅದು ಬೇರೆ ಶಾಸ್ತ್ರ, ಬೇರೆ ಸಾಲ.

ಈ ಗುಡ್ಡೆಯನ್ನು ಅವನ ಅಪ್ಪ ವಿಡಿಯೊ ಕಾಲಿನಲ್ಲಿ ನೋಡಿದರು. ಉತ್ತರ ಕನ್ನಡದಲ್ಲಿ ಒಂದೆಕರೆ ತೋಟಕ್ಕೆ ಒಂಬತ್ತೆಕರೆ ಸೊಪ್ಪಿನಬೆಟ್ಟವೆಂಬ ಲೆಕ್ಕವಿದ್ದ ಸೀಮೆಯವರು ಅವರು. ಬೇಸಿಗೆಯಿಡೀ ಬೆಟ್ಟದ ದರಕೆಂಬ ತರಗೆಲೆ ಗುಡಿಸಿ, ಹೆಡಿಗೆಯಲ್ಲಿ ಹೊತ್ತು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಸುರಿದವರು. ಆ ದರಕಿನ ಕೆಲಸ ತಪ್ಪಿಸಿಕೊಳ್ಳಲೆಂದೇ ಮಗ ಎಂಜಿನಿಯರಿಂಗ್ ಓದಿದ್ದ. 'ಇಷ್ಟೂ ಯಾವ ತೋಟಕ್ಕೋ?' ಎಂದು ಕೇಳಿದರು. ಪ್ರಶ್ನೆ ಶಾಸ್ತ್ರೀಯವಾದದ್ದೇ. ಯಾಕೆಂದರೆ ದೇವದತ್ತನ ಮನೆಯೆದುರಿನ ಹೂವಿನ ಮಡಿಗೆ ಮುಚ್ಚಿಗೆ ಬೇಕು, ಅದಕ್ಕೆ ಪೈನ್ ಸೂಜಿಯೇ ಶ್ರೇಷ್ಠವೆಂದು ಪ್ರತೀತಿ, ಜಾರ್ಜಿಯಾ ಕಡೆಯ ಲಾಂಗ್‌ಲೀಫ್ ಪೈನಿನದಾದರೆ ಇನ್ನೂ ಶ್ರೇಷ್ಠ, ಅದು ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಶನಿವಾರ ಬೆಳಿಗ್ಗೆ ಅವನು ಕುಂಟೆ ಕಳಚಿ, ಅದೇ ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸಿ, ಅಂಗಡಿಯಿಂದ ತಂದ ಹತ್ತು ಕಟ್ಟುಗಳನ್ನು ಬೇಲಿಯ ಗುಡ್ಡೆಯ ಪಕ್ಕದಲ್ಲೇ ಹಾಯಿಸಿ ಮಡಿಯ ಬಳಿಗೆ ಒಯ್ಯುತ್ತಾನೆ. ಅವುಗಳನ್ನು ಹರಡಲು ಕುಂಟೆಯನ್ನು ಹಿಂದುಮುಂದಾಗಿ ತಿರುಗಿಸಿ ಕಟ್ಟಬಹುದೇ ಎಂಬುದು ಸದ್ಯ ಅವನ ಜಿಜ್ಞಾಸೆ.